ಕೌಂಟರಿನ ಕಂಪ್ಯೂಟರ್ ಕಣ್ಣು ಬಿಡದಿದ್ದರೆ...

ಗ್ಯಾಸ್ ಸಿಲಿಂಡರ್ ನಡುವೆಯೇ ಮುಗಿದರೆ ಏನು ಮಾಡಬೇಕು, ದೋಸೆ ಭಟ್ಟರು ಹೇಳದೆ ಕೇಳದೆ ಊರಿಗೆ ಹೋದರೆ ಕಾವಲಿಯ ಮುಂದೆ ಯಾರನ್ನು ನಿಲ್ಲಿಸಬೇಕು, ನಳ್ಳಿಯಲ್ಲಿ ನೀರು ಬಾರದಿದ್ದರೆ ಟ್ಯಾಂಕರಿಗೆ ಯಾರಿಗೆ ಫೋನ್ ಮಾಡಬೇಕು - ಇವನ್ನೆಲ್ಲ ನಮ್ಮ ಸದಸ್ಯ ಬಂಧುಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಬೆಳಿಗ್ಗೆ ದೀಪ ಹಚ್ಚಿ, ಊದುಬತ್ತಿ ಬೆಳಗಿ, ಕೌಂಟರಿನ ಬಿಲ್ಲಿಂಗ್ ಕಂಪ್ಯೂಟರಿನ ಗುಂಡಿ ಒತ್ತಿದಾಗ ಅದು ಕಣ್ಣು ಬಿಡದಿದ್ದರೆ ಮಾತ್ರ ನಮ್ಮಲ್ಲಿ ಹೆಚ್ಚಿನವರು ಕೈಚೆಲ್ಲಿ ಟೆಕ್ನಿಷಿಯನ್‌ಗೆ ಫೋನ್ ಹಚ್ಚುತ್ತೇವೆ. ಅವನು ಹನ್ನೊಂದು ಗಂಟೆಗೆ ಮೊದಲು ಫೋನ್ ಎತ್ತುವವನಲ್ಲ. ಹನ್ನೊಂದರೊಳಗೆ ನಮ್ಮ ಇಡ್ಲಿ-ವಡೆಯ ವ್ಯಾಪಾರವೇ ಮುಗಿದಿರುತ್ತದೆ.

ಕಂಪ್ಯೂಟರ್ ಶುರುವಾಗದಿರುವುದಕ್ಕೆ ಕಾರಣ ಅನೇಕ ಸಲ ಡಬ್ಬದ ಒಳಗೆ ಇರುವುದೇ ಇಲ್ಲ. ಪ್ಲಗ್, ವೈರ್, ಯುಪಿಎಸ್, ಮಾನಿಟರಿನ ಕೇಬಲ್ - ಇಲ್ಲಿಯೇ ಎಲ್ಲೋ ಇರುತ್ತದೆ. ಕ್ರಮವಾಗಿ ನೋಡಿದರೆ ಮ್ಯಾನೇಜರ್ ಅಥವಾ ಕೌಂಟರಿನ ಹುಡುಗನೇ ಹದಿನೈದು ನಿಮಿಷದಲ್ಲಿ ಪತ್ತೆ ಹಚ್ಚಬಹುದು. ಹಾಗೆ ನೋಡುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸುತ್ತಿದ್ದೇವೆ. ಸ್ಕ್ರೂ ಡ್ರೈವರ್ ಹಿಡಿಯದೆ ಮಾಡುವ ಕೆಲಸವೇ ಇದರಲ್ಲಿ ಹೆಚ್ಚು.

ಶುರು ಮಾಡುವ ಮೊದಲು ಒಂದು ಮಾತು. ಹಾಳಾಗಬಹುದಾದ ಎರಡು ವಸ್ತುಗಳು ಆ ಡಬ್ಬದಲ್ಲಿವೆ. ಒಂದು ಯಂತ್ರ, ಇನ್ನೊಂದು ಅದರೊಳಗಿನ ಲೆಕ್ಕ. ಯಂತ್ರ ಹಾಳಾದರೆ ಹೊಸದನ್ನು ಕೊಳ್ಳಬಹುದು. ಮೂರು ವರ್ಷದ ಬಿಲ್ಲುಗಳು, ಆಫೀಸುಗಳ ಉದ್ರಿ ಖಾತೆ, ಮದುವೆ ಆರ್ಡರುಗಳಿಗೆ ಪಡೆದ ಮುಂಗಡದ ವಿವರ, ಸ್ಟೋರಿನ ದಾಸ್ತಾನು - ಇವನ್ನು ಯಾವ ಅಂಗಡಿಯಲ್ಲೂ ಮಾರುವುದಿಲ್ಲ. ಆದ್ದರಿಂದ ಮುಂದೆ ಹೇಳುವ ಯಾವ ಹೆಜ್ಜೆಯನ್ನಿಟ್ಟರೂ ಲೆಕ್ಕಕ್ಕೆ ಏಟು ಬೀಳದಂತೆ ಇಡಬೇಕು.

ಮೊದಲು ಗಿರಾಕಿ, ಆಮೇಲೆ ರಿಪೇರಿ

ಕೌಂಟರಿನ ಮುಂದೆ ಜನ ನಿಂತಿರುವಾಗ ಡಬ್ಬದ ಹಿಂದೆ ತಲೆ ತೂರಿಸಿ ಕೂರುವುದು ಬೇಡ. ಅಚ್ಚು ಹಾಕಿಸಿದ ಬಿಲ್ ಪುಸ್ತಕ ಎರಡಾದರೂ ಗಲ್ಲಾ ಪೆಟ್ಟಿಗೆಯ ಕೆಳಗೆ ಸದಾ ಇರಬೇಕು. ಜಿಎಸ್‌ಟಿ ನಿಯಮ 46ರ ಪ್ರಕಾರ ಬಿಲ್ಲಿನ ಸಂಖ್ಯೆ ಕ್ರಮವಾಗಿರಬೇಕು, 16 ಅಕ್ಷರಗಳನ್ನು ಮೀರಬಾರದು, ಒಂದು ಆರ್ಥಿಕ ವರ್ಷದಲ್ಲಿ ಅದೇ ಸಂಖ್ಯೆ ಮತ್ತೆ ಬರಬಾರದು. ಆದರೆ ಒಂದಕ್ಕಿಂತ ಹೆಚ್ಚು ಸರಣಿಗಳನ್ನು ಇಟ್ಟುಕೊಳ್ಳಲು ಅದೇ ನಿಯಮ ಅವಕಾಶ ಕೊಟ್ಟಿದೆ. ಆದ್ದರಿಂದ ಕೈಬಿಲ್ಲಿಗೆ 'ಎಂ' ಅಕ್ಷರದಿಂದ ಆರಂಭವಾಗುವ ಪ್ರತ್ಯೇಕ ಸರಣಿ ಇಟ್ಟುಕೊಂಡರೆ ಕಂಪ್ಯೂಟರಿನ ಸಂಖ್ಯೆಗೂ ಇದಕ್ಕೂ ಡಿಕ್ಕಿಯಾಗುವುದಿಲ್ಲ. ನಿಮ್ಮ ಜಿಎಸ್‌ಟಿ ನಂಬರ್, ಎಸ್‌ಎಸಿ ಕೋಡ್, ತೆರಿಗೆಯ ಎರಡು ಕಾಲಂ ಅದರಲ್ಲಿ ಮೊದಲೇ ಅಚ್ಚಾಗಿರಲಿ. ಕಂಪೋಸಿಷನ್‌ನಲ್ಲಿರುವವರ ಪುಸ್ತಕದಲ್ಲಿ 'ಬಿಲ್ ಆಫ್ ಸಪ್ಲೈ' ಎಂದಿರಬೇಕು, ತೆರಿಗೆಯ ಕಾಲಂ ಇರಕೂಡದು. ದರಪಟ್ಟಿಯ ಒಂದು ಕಾಗದವೂ ಪುಸ್ತಕದೊಳಗೇ ಇರಲಿ. ಕಂಪ್ಯೂಟರಿಗೆ ಒಗ್ಗಿಹೋದ ಈಗಿನ ಹುಡುಗರಿಗೆ ಸೆಟ್ ದೋಸೆಯ ದರ ಬಾಯಿಗೆ ಬರುವುದಿಲ್ಲ.

ಕೈಬಿಲ್ಲೆಂದರೆ ಸಣ್ಣಸ್ತಿಕೆ ಎಂದು ಯಾರೂ ಭಾವಿಸಬೇಕಾಗಿಲ್ಲ. 2024ರ ಜುಲೈ 19ರಂದು ಒಂದು ಸುರಕ್ಷತಾ ಸಾಫ್ಟ್‌ವೇರಿನ ದೋಷಪೂರ್ಣ ಅಪ್‌ಡೇಟ್‌ನಿಂದಾಗಿ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತುಬಿಟ್ಟವು. ಅಂದು ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ವಿಮಾನವೇ ಕೈಬರಹದ ಮೇಲೆ ಹಾರುವಾಗ ನಮ್ಮ ಇಡ್ಲಿ ಸಾಂಬಾರಿಗೇನು!

ಕರೆಂಟು ಎಲ್ಲಿಯವರೆಗೆ ಬಂದಿದೆ?

ಗುಂಡಿ ಒತ್ತಿದರೂ ದೀಪವಿಲ್ಲ, ಫ್ಯಾನಿನ ಸದ್ದಿಲ್ಲ, ಏನೂ ಇಲ್ಲ ಎಂದರೆ ಕರೆಂಟು ದಾರಿಯಲ್ಲಿ ಎಲ್ಲೋ ನಿಂತಿದೆ ಎಂದು ಅರ್ಥ. ಗೋಡೆಯಿಂದ ಹೊರಟು ಡಬ್ಬದವರೆಗೆ ಒಂದೊಂದೇ ಮೆಟ್ಟಿಲು ನೋಡುತ್ತಾ ಬನ್ನಿ. ಗೋಡೆಯ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಚಾರ್ಜ್ ಆದರೆ ಸಾಕೆಟ್ ಸರಿಯಿದೆ. ಅಲ್ಲಿಂದ ಎಕ್ಸ್‌ಟೆನ್ಷನ್ ಬೋರ್ಡಿನ ಸ್ವಿಚ್ಚು, ಅದರ ಫ್ಯೂಸು. ನೆಲ ಒರೆಸುವ ಹುಡುಗ ರಾತ್ರಿ ಕೋಲು ತಾಗಿಸಿ ಪ್ಲಗ್ ಅರ್ಧ ಎಳೆದಿಟ್ಟಿರುವುದು ನಮ್ಮ ಹೋಟೆಲುಗಳಲ್ಲಿ ಹೊಸತಲ್ಲ.

ಆಮೇಲೆ ಯುಪಿಎಸ್. ಹೆಚ್ಚಿನ ಸಲ ಕಳ್ಳ ಸಿಕ್ಕುವುದು ಇಲ್ಲಿಯೇ. ಕೌಂಟರಿನಲ್ಲಿಡುವ ಸಣ್ಣ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ, 7 ಆಂಪಿಯರ್-ಅವರ್‌ನ ಒಂದು ಬ್ಯಾಟರಿ ಇರುತ್ತದೆ. ಅದರ ಆಯುಸ್ಸು ಎರಡು-ಮೂರು ವರ್ಷ. ಉಷ್ಣತೆ 10 ಡಿಗ್ರಿ ಹೆಚ್ಚಾದರೆ ಈ ಜಾತಿಯ ಬ್ಯಾಟರಿಯ ಆಯುಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಫ್ರಿಜ್ಜಿನ ಹಿಂಬದಿಯ ಬಿಸಿಗಾಳಿ ಬಡಿಯುವ ಜಾಗದಲ್ಲಿ ಯುಪಿಎಸ್ ಇಟ್ಟವರು ಲೆಕ್ಕ ಹಾಕಿಕೊಳ್ಳಬಹುದು. ಬ್ಯಾಟರಿ ಸತ್ತರೆ ಕರೆಂಟು ಇರುವಾಗಲಾದರೂ ಯುಪಿಎಸ್ ನಡೆಯಬೇಕಲ್ಲವೇ ಎಂದು ಕೇಳುವವರಿದ್ದಾರೆ. ಅನೇಕ ಅಗ್ಗದ ಮಾದರಿಗಳು ಬ್ಯಾಟರಿ ಪೂರ್ತಿ ಸತ್ತರೆ ಆನ್ ಆಗುವುದೇ ಇಲ್ಲ. ಪರೀಕ್ಷೆ ಸುಲಭ. ಕಂಪ್ಯೂಟರಿನ ವೈರನ್ನು ಯುಪಿಎಸ್‌ನಿಂದ ತೆಗೆದು ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕಿ. ಕಂಪ್ಯೂಟರ್ ಎದ್ದರೆ ಆ ದಿನದ ವ್ಯಾಪಾರ ಹಾಗೆಯೇ ಮುಗಿಸಿ, ಸಂಜೆಯೊಳಗೆ ಬ್ಯಾಟರಿ ಬದಲಾಯಿಸಿ. ಇಡೀ ಯುಪಿಎಸ್ ಬದಲಾಯಿಸಬೇಕೆಂದು ಹೇಳುವವನನ್ನು ಒಮ್ಮೆ ಯಾಕೆಂದು ಕೇಳಿ.

ಯುಪಿಎಸ್ ಎಡೆಬಿಡದೆ ಕಿರುಚುತ್ತಿದ್ದರೆ ಅದರ ಮೇಲೆ ಹೊರೆ ಹೆಚ್ಚಾಗಿದೆಯೇ ನೋಡಿ. ಲೇಸರ್ ಪ್ರಿಂಟರ್, ಜ್ಯೂಸಿನ ಮಿಕ್ಸರ್, ಟೇಬಲ್ ಫ್ಯಾನ್ ಇವುಗಳನ್ನು ಯುಪಿಎಸ್‌ಗೆ ಜೋಡಿಸಬಾರದು. ಖಾಲಿ ಸಾಕೆಟ್ ಕಂಡರೆ ನಮ್ಮ ಹುಡುಗರಿಗೆ ಸುಮ್ಮನಿರಲು ಆಗುವುದಿಲ್ಲ.

ಗೋಡೆಗೆ ನೇರ ಹಾಕಿದರೂ ಏಳದಿದ್ದರೆ ಡಬ್ಬದ ಹಿಂಬದಿ ನೋಡಿ. (ನಾವೆಲ್ಲ ಈ ಡಬ್ಬವನ್ನು ಸಿಪಿಯು ಎನ್ನುತ್ತೇವೆ. ಅಸಲು ಸಿಪಿಯು ಒಳಗಿರುವ ಬಿಸ್ಕತ್ತಿನಷ್ಟು ದೊಡ್ಡ ಚಿಪ್ಪು ಮಾತ್ರ.) ವೈರ್ ಸೇರುವ ಜಾಗದ ಪಕ್ಕದಲ್ಲಿ ಒಂದು ಸಣ್ಣ ಸ್ವಿಚ್ ಇರುತ್ತದೆ, ಅದು ಆನ್ ಇರಬೇಕು. ಹಳೆಯ ಡಬ್ಬಗಳಲ್ಲಿ ಅಲ್ಲಿಯೇ 115 ಮತ್ತು 230 ಎಂದು ಬರೆದ ಕೆಂಪು ಸ್ವಿಚ್ ಇನ್ನೊಂದಿರುತ್ತದೆ. ಅದನ್ನು ಮುಟ್ಟಲೇಬೇಡಿ. ಅದು 230ರಲ್ಲೇ ಇರಬೇಕು. 115ಕ್ಕೆ ತಿರುಗಿಸಿ ನಮ್ಮ ಕರೆಂಟು ಕೊಟ್ಟರೆ ಢಬ್ಬೆಂಬ ಸದ್ದಿನೊಂದಿಗೆ ಎಸ್‌ಎಂಪಿಎಸ್ ಸುಟ್ಟುಹೋಗುತ್ತದೆ. ವೈರನ್ನೂ ಬದಲಿಸಿ ನೋಡಿ. ಮಾನಿಟರಿನ ವೈರೂ ಸಾಮಾನ್ಯವಾಗಿ ಇದೇ ತರದ್ದು, ಅದನ್ನೇ ತೆಗೆದು ಹಾಕಬಹುದು.

ಇನ್ನೊಂದು ಉಪಾಯ ಕೇಳಲು ತಮಾಷೆಯೆನಿಸಿದರೂ ಕೆಲಸ ಮಾಡುತ್ತದೆ. ವೈರನ್ನು ಪೂರ್ತಿ ಕಿತ್ತು, ಡಬ್ಬದ ಪವರ್ ಗುಂಡಿಯನ್ನು 30 ಸೆಕೆಂಡು ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟು ಇಳಿದುಹೋಗುತ್ತದೆ. ಗುಡುಗು ಮಿಂಚಿನ ರಾತ್ರಿಯ ಮರುದಿನ, ಅಥವಾ ವೋಲ್ಟೇಜ್ ಏರಿಳಿದ ಬಳಿಕ ಎಸ್‌ಎಂಪಿಎಸ್ ತಾನಾಗಿ ಮುಚ್ಚಿಕೊಂಡಿದ್ದರೆ ಇದರಿಂದ ತೆರೆದುಕೊಳ್ಳುವುದುಂಟು.

ಆಮೇಲೆ ಡಬ್ಬಕ್ಕೆ ಚುಚ್ಚಿದ ಎಲ್ಲವನ್ನೂ ತೆಗೆಯಿರಿ. ಬಿಲ್ ಪ್ರಿಂಟರ್, ಕೆಒಟಿ ಪ್ರಿಂಟರ್, ಸ್ಕ್ಯಾನರ್, ಪೆನ್‌ಡ್ರೈವ್, ಸಾಫ್ಟ್‌ವೇರಿನ ಲಾಕ್, ಎಲ್ಲವೂ. ಮಾನಿಟರ್ ಮತ್ತು ಕೀಬೋರ್ಡ್ ಮಾತ್ರ ಇರಲಿ. ಹೋಟೆಲಿನ ಯುಎಸ್‌ಬಿ ಕಿಂಡಿಗಳಲ್ಲಿ ಎಣ್ಣೆ, ಸಕ್ಕರೆ ಪಾಕ, ಜ್ಯೂಸು ಸೇರಿ ಶಾರ್ಟ್ ಆಗುವುದಿದೆ. ಒಂದು ಯುಎಸ್‌ಬಿ ಶಾರ್ಟ್ ಆದರೂ ಕೆಲವು ಮದರ್‌ಬೋರ್ಡುಗಳು ಇಡೀ ಯಂತ್ರವನ್ನೇ ನಿಲ್ಲಿಸಿಬಿಡುತ್ತವೆ. ಎಲ್ಲ ತೆಗೆದ ಮೇಲೆ ಎದ್ದರೆ ಒಂದೊಂದಾಗಿ ಹಾಕುತ್ತಾ ಬನ್ನಿ, ತಪ್ಪಿತಸ್ಥ ಯಾರೆಂದು ತಿಳಿಯುತ್ತದೆ. ಸಾಫ್ಟ್‌ವೇರಿನ ಲಾಕನ್ನು ಮಾತ್ರ ಗಲ್ಲಾ ಪೆಟ್ಟಿಗೆಯ ಒಳಗೇ ಇಡಿ. ಅದು ಕಸದ ಬುಟ್ಟಿಗೆ ಹೋದರೆ ಕೆಲವು ಕಂಪೆನಿಗಳು ಹೊಸ ಲೈಸೆನ್ಸಿನ ಹಣ ಕೇಳುತ್ತವೆ.

ಮಾನಿಟರ್ ಮತ್ತು ಯಂತ್ರ ಒಂದೇ ಆಗಿರುವ ಟಚ್ ಸ್ಕ್ರೀನ್ ಬಿಲ್ಲಿಂಗ್ ಯಂತ್ರದವರಿಗೂ ಇದೇ ಕ್ರಮ. ಆದರೆ ಅಡಾಪ್ಟರ್ ವಿಷಯದಲ್ಲಿ ಎಚ್ಚರ ಬೇಕು. ಬಿಲ್ ಪ್ರಿಂಟರಿನ ಅಡಾಪ್ಟರ್ ಸಾಮಾನ್ಯವಾಗಿ 24 ವೋಲ್ಟಿನದು. ಟಚ್ ಯಂತ್ರದ್ದು ಬಹುಪಾಲು 12 ಅಥವಾ 19 ವೋಲ್ಟು. ಕೆಲವದರ ಪಿನ್ನು ಒಂದೇ ತೆರನಾಗಿರುತ್ತದೆ. ಕತ್ತಲೆಯಲ್ಲಿ ಅದಲು ಬದಲಾದರೆ ಯಂತ್ರದ ಕಥೆ ಅಲ್ಲಿಗೆ ಮುಗಿಯಿತು. ಎರಡಕ್ಕೂ ಬೇರೆ ಬೇರೆ ಬಣ್ಣದ ಟೇಪ್ ಸುತ್ತಿಡಿ.

ಇಷ್ಟಾದರೂ ಜೀವ ಬಾರದಿದ್ದರೆ ಎಸ್‌ಎಂಪಿಎಸ್ ಅಥವಾ ಮದರ್‌ಬೋರ್ಡು ಹೋಗಿದೆ. ಎಸ್‌ಎಂಪಿಎಸ್ ಬದಲಾಯಿಸುವುದು ಟೆಕ್ನಿಷಿಯನ್‌ಗೆ ಅರ್ಧ ಗಂಟೆಯ ಕೆಲಸ. ಅದರ ತಗಡಿನ ಪೆಟ್ಟಿಗೆಯನ್ನು ಬಿಚ್ಚುವ ಸಾಹಸಕ್ಕೆ ಯಾರೂ ಹೋಗಕೂಡದು. ವೈರ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಮೀರಿದ ಕರೆಂಟು ಕುಳಿತಿರಬಹುದು.

ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು

ಇದು ಎರಡನೇ ಜಾತಿ. ಮೊದಲು ಮಾನಿಟರಿನದೇ ತಪ್ಪೋ ನೋಡಿ. ಅದಕ್ಕೆ ಬೇರೆಯೇ ವೈರ್ ಇದೆ, ಬೇರೆಯೇ ಗುಂಡಿ ಇದೆ. ಮಾನಿಟರಿನಲ್ಲಿ ದೀಪ ಉರಿಯುತ್ತಿದ್ದು 'ನೋ ಸಿಗ್ನಲ್' ಎಂದು ಬರೆದು ಬಂದರೆ ಮಾನಿಟರ್ ಬದುಕಿದೆ, ಡಬ್ಬದಿಂದ ಚಿತ್ರ ಬರುತ್ತಿಲ್ಲ ಎಂದು ತಿಳಿಯಿರಿ. ಕೇಬಲನ್ನು ಎರಡೂ ತುದಿಯಲ್ಲಿ ಕಿತ್ತು ಮತ್ತೆ ಸೇರಿಸಿ. ಡಬ್ಬದ ಹಿಂದೆ ಎರಡು ಕಡೆ ಮಾನಿಟರಿನ ಕಿಂಡಿಗಳಿದ್ದರೆ ಇನ್ನೊಂದರಲ್ಲೂ ಹಾಕಿ ನೋಡಿ.

ಅಷ್ಟಕ್ಕೂ ಬಾರದಿದ್ದರೆ ಕಿವಿಗೊಡಿ. ಗುಂಡಿ ಒತ್ತಿದ ಮೇಲೆ ಒಂದೇ ಒಂದು ಸಣ್ಣ ಬೀಪ್ ಬಂದರೆ ಹೆಚ್ಚಿನ ಯಂತ್ರಗಳಲ್ಲಿ ಅದು ಕ್ಷೇಮ ಸಮಾಚಾರ. ಮತ್ತೆ ಮತ್ತೆ ಬೀಪ್ ಎಂದು ಕೂಗುತ್ತಿದ್ದರೆ ಬಹುತೇಕ ರ‍್ಯಾಮ್ ಅಥವಾ ಡಿಸ್‌ಪ್ಲೇಯ ದೂರು. ಎಷ್ಟು ಸಲ, ಉದ್ದವೋ ಗಿಡ್ಡವೋ ಎಂಬುದಕ್ಕೆ ಒಂದೊಂದು ಕಂಪೆನಿಯ ಅರ್ಥ ಒಂದೊಂದು. ಆದ್ದರಿಂದ ಮೊಬೈಲಿನಲ್ಲಿ ಆ ಸದ್ದನ್ನು ರೆಕಾರ್ಡ್ ಮಾಡಿ ಟೆಕ್ನಿಷಿಯನ್‌ಗೆ ಕಳುಹಿಸುವುದೇ ಉತ್ತಮ. ಅವನು ಬರುವಾಗ ಸರಿಯಾದ ಬಿಡಿಭಾಗ ಹಿಡಿದುಕೊಂಡು ಬರುತ್ತಾನೆ, ಎರಡು ಸಲ ಓಡಾಡುವುದು ತಪ್ಪುತ್ತದೆ. ಹೊಸ ಬೋರ್ಡುಗಳಲ್ಲಿ ಬೀಪಿನ ಸ್ಪೀಕರ್ ಇರುವುದು ಕಡಿಮೆ, ಬದಲಿಗೆ ಸಣ್ಣ ದೀಪಗಳಿರುತ್ತವೆ. ಅವುಗಳ ಫೋಟೋ ತೆಗೆಯಿರಿ.

ಸಮುದ್ರ ತೀರದ ಊರುಗಳಲ್ಲಿ, ಅಂದರೆ ಮುಂಬಯಿ, ಚೆನ್ನೈಗಳಲ್ಲಿ, ಗಾಳಿಯ ತೇವಕ್ಕೆ ರ‍್ಯಾಮಿನ ಕಾಲುಗಳ ಮೇಲೆ ಕಿಲುಬಿನಂತಹ ಪದರ ಕೂರುತ್ತದೆ. ಅದಕ್ಕೆ ಅಡುಗೆಮನೆಯ ಎಣ್ಣೆಹೊಗೆಯೂ ಸೇರಿದರೆ ಕೇಳುವುದೇ ಬೇಡ. ಡಬ್ಬ ಬಿಚ್ಚಿ ಅಭ್ಯಾಸವಿರುವವರು ನಿಮ್ಮಲ್ಲಿದ್ದರೆ ಹೀಗೆ ಮಾಡಬಹುದು. ವೈರ್ ಪೂರ್ತಿ ಕಿತ್ತು, ಡಬ್ಬದ ಬಣ್ಣವಿಲ್ಲದ ತಗಡನ್ನು ಒಮ್ಮೆ ಮುಟ್ಟಿ ಮೈಯ ಸ್ಟ್ಯಾಟಿಕ್ ಕರೆಂಟು ಇಳಿಸಿಕೊಂಡು, ರ‍್ಯಾಮಿನ ಪಟ್ಟಿಯನ್ನು ತೆಗೆದು, ಅದರ ಹೊಂಬಣ್ಣದ ಕಾಲುಗಳನ್ನು ಶಾಲೆ ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಕೊಡವಿ, ಕ್ಲಿಪ್ ಟಕ್ಕೆನ್ನುವಂತೆ ಒತ್ತಿ ಕೂರಿಸಬೇಕು. ಎರಡು ಪಟ್ಟಿಗಳಿದ್ದರೆ ಒಂದನ್ನು ಮಾತ್ರ ಹಾಕಿ ನೋಡಿ, ಆಮೇಲೆ ಇನ್ನೊಂದನ್ನು. ಮಳೆಗಾಲದಲ್ಲಿ ಟೆಕ್ನಿಷಿಯನ್‌ಗಳು ಬಂದು ಮಾಡುವ ಕೆಲಸದಲ್ಲಿ ಬಹಳಷ್ಟು ಇದೇ.

ಆನ್ ಆಗಿ ಕೆಲವೇ ಸೆಕೆಂಡು ಅಥವಾ ನಿಮಿಷದಲ್ಲಿ ತಾನಾಗಿ ಆರಿಹೋಗುವುದು ಬೇರೆ ಲಕ್ಷಣ. ಅದು ಸಾಮಾನ್ಯವಾಗಿ ಬಿಸಿಯ ದೂರು. ಸಿಪಿಯುವಿನ ಫ್ಯಾನಿನ ಕೆಳಗಿನ ಅಲ್ಯೂಮಿನಿಯಂ ಎಸಳುಗಳ ನಡುವೆ ಹಿಟ್ಟಿನ ಧೂಳು ಮತ್ತು ಎಣ್ಣೆ ಸೇರಿ ಎಕ್ಸಾಸ್ಟ್ ಫ್ಯಾನಿನ ಜಿಡ್ಡಿನಂತೆಯೇ ಗಟ್ಟಿಯಾಗಿರುತ್ತದೆ. ಗಾಳಿಯಾಡದೆ ಚಿಪ್ಪು ಕಾದಾಗ, ಸುಟ್ಟುಹೋಗದಿರಲೆಂದು ಯಂತ್ರ ತಾನೇ ನಿಲ್ಲುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ತಡೆದು ಹಿಡಿಯಬೇಕು, ಇಲ್ಲವಾದರೆ ಅದು ಹುಚ್ಚಾಪಟ್ಟೆ ತಿರುಗಿ ಬೇರಿಂಗ್ ಹೋಗುತ್ತದೆ.

ಅಕ್ಷರ ಬಂದು ನಿಂತಿತೇ?

ಪರದೆಯಲ್ಲಿ ಏನಾದರೂ ಬರೆದು ಬಂದಿದೆಯೆಂದರೆ ಯಂತ್ರ ಮಾತನಾಡುತ್ತಿದೆ. ಮೊದಲು ಅದರ ಫೋಟೋ ತೆಗೆದುಕೊಳ್ಳಿ. 'ಏನೋ ಇಂಗ್ಲಿಷಿನಲ್ಲಿ ಬಂತು, ಆಫ್ ಮಾಡಿದೆ' ಎಂದರೆ ಯಾವ ಟೆಕ್ನಿಷಿಯನ್‌ಗೂ ಉಪಯೋಗವಿಲ್ಲ.

'ನೋ ಬೂಟಬಲ್ ಡಿವೈಸ್' ಎಂದೋ ಅದೇ ಅರ್ಥದ ಬೇರೆ ಮಾತೋ ಬಂದರೆ ವಿಂಡೋಸ್ ಇರುವ ಡಿಸ್ಕು ಅದಕ್ಕೆ ಸಿಕ್ಕಿಲ್ಲ. ರಾತ್ರಿ ಬ್ಯಾಕಪ್ ತೆಗೆದ ಪೆನ್‌ಡ್ರೈವ್ ಹಾಗೆಯೇ ಚುಚ್ಚಿಕೊಂಡಿದ್ದರೂ ಹೀಗಾಗುತ್ತದೆ. ತೆಗೆದು ಮತ್ತೆ ಆನ್ ಮಾಡಿ. ಆಗಲೂ ಅದೇ ಬಂದರೆ ಡಬ್ಬಕ್ಕೆ ಕಿವಿಯಿಟ್ಟು ಕೇಳಿ. ಟಿಕ್, ಟಿಕ್ ಎಂದು ಒಂದೇ ಲಯದಲ್ಲಿ ಬಡಿಯುವ ಸದ್ದು ಬರುತ್ತಿದ್ದರೆ ಹಾರ್ಡ್ ಡಿಸ್ಕ್ ಕೊನೆಯುಸಿರು ಎಳೆಯುತ್ತಿದೆ. ಕೂಡಲೇ ಆಫ್ ಮಾಡಿ, ಮತ್ತೆ ಆನ್ ಮಾಡಬೇಡಿ. ಇನ್ನೊಮ್ಮೆ ನೋಡೋಣ ಎಂದು ಒತ್ತಿದಷ್ಟು ಸಲವೂ ಒಳಗಿನ ತಟ್ಟೆ ಗೀಚಿ ಲೆಕ್ಕ ಅಳಿಸಿಹೋಗುವ ಅಪಾಯವಿದೆ. ಹೊಸ ಎಸ್‌ಎಸ್‌ಡಿಗಳಲ್ಲಿ ಈ ಸದ್ದೂ ಇಲ್ಲ. ಅವು ಹೋಗುವಾಗ ಮುನ್ಸೂಚನೆಯನ್ನೇ ಕೊಡದೆ ಹೋಗುವುದುಂಟು.

'ಎಫ್1 ಒತ್ತಿ' ಎಂದು ಕೇಳುತ್ತಾ, ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡಿನ ನಾಣ್ಯದಂತಹ ಬ್ಯಾಟರಿ ಮುಗಿದಿದೆ. ಸಿಆರ್ 2032 ಎಂಬ ಈ ಬ್ಯಾಟರಿಯ ಬೆಲೆ ಒಂದು ಮಸಾಲೆ ದೋಸೆಯಷ್ಟೂ ಇರಲಾರದು, ತೊಂದರೆ ಮಾತ್ರ ದೊಡ್ಡದು. ಕಂಪ್ಯೂಟರಿಗೆ ಕರೆಂಟು ಇದ್ದಷ್ಟು ಹೊತ್ತು, ಆಫ್ ಆಗಿದ್ದರೂ, ಆ ಬ್ಯಾಟರಿ ಹೆಚ್ಚು ಖರ್ಚಾಗುವುದಿಲ್ಲ. ನಾವು ಹೋಟೆಲಿನವರು ರಾತ್ರಿ ಮೇನ್ ಸ್ವಿಚ್ ಆರಿಸಿ ಬಾಗಿಲು ಹಾಕುವವರು. ಹಾಗಾಗಿ ನಮ್ಮ ಕಂಪ್ಯೂಟರುಗಳಲ್ಲಿ ಇದು ಆಫೀಸುಗಳಿಗಿಂತ ಬೇಗ ಮುಗಿಯುತ್ತದೆ. ತಾರೀಕು ತಪ್ಪಿದ್ದನ್ನು ನೋಡದೆ ವ್ಯಾಪಾರ ಶುರು ಮಾಡಿದರೆ ಬಿಲ್ಲುಗಳೆಲ್ಲ ಯಾವುದೋ ಹಳೆಯ ವರ್ಷದ ತಾರೀಕಿನಲ್ಲಿ ಹೊರಬೀಳುತ್ತವೆ. ದಿನದ ಲೆಕ್ಕ ಆ ದಿನದ ರಿಪೋರ್ಟಿನಲ್ಲಿ ಕಾಣುವುದಿಲ್ಲ, ಜಿಎಸ್‌ಟಿ ರಿಟರ್ನ್ ತುಂಬುವಾಗ ನಿಮ್ಮ ಸಿಎ ತಲೆ ಚಚ್ಚಿಕೊಳ್ಳುತ್ತಾರೆ. ಕೆಲವು ಬಿಲ್ಲಿಂಗ್ ಸಾಫ್ಟ್‌ವೇರುಗಳು ತಾರೀಕು ಹಿಂದಕ್ಕೆ ಹೋದದ್ದು ಕಂಡರೆ ತೆರೆದುಕೊಳ್ಳುವುದೇ ಇಲ್ಲ, ಇಂಟರ್‌ನೆಟ್ಟೂ ನಡೆಯುವುದಿಲ್ಲ. ತಾರೀಕು ಸರಿಪಡಿಸಿ ಅಂದಿನ ಕೆಲಸ ಸಾಗಿಸಬಹುದು. ಬ್ಯಾಟರಿ ಹೋದಾಗ ಬೋರ್ಡಿನ ಸೆಟ್ಟಿಂಗುಗಳೂ ಅಳಿಸಿ, ಡಿಸ್ಕ್ ಓದುವ ವಿಧಾನ ಬದಲಾಗಿ ವಿಂಡೋಸ್ ನೀಲಿ ಪರದೆ ತೋರಿಸುವುದೂ ಇದೆ. ಡಿಸ್ಕು ನೂರಕ್ಕೆ ನೂರು ಸರಿಯಿದ್ದೂ ಹಾಳಾದಂತೆ ಕಾಣುವ ಸಂದರ್ಭ ಅದು. ಹೊಸ ಡಿಸ್ಕ್ ಹಾಕಲು ಒಪ್ಪುವ ಮೊದಲು ಬ್ಯಾಟರಿಯ ವಿಷಯ ನೆನಪಿಸಿ.

ವಿಂಡೋಸಿನ ಲೋಗೋ ಬಂದು ಅಲ್ಲಿಯೇ ಸುತ್ತುತ್ತಿದ್ದರೆ ಮೊದಲು ತಾಳ್ಮೆ. ಅಪ್‌ಡೇಟ್ ನಡೆಯುತ್ತಿದೆ, ಆಫ್ ಮಾಡಬೇಡಿ ಎಂದು ಬರೆದಿದ್ದರೆ ಅರ್ಧ ಗಂಟೆಯಾದರೂ ಬಿಡಿ. ಏನೂ ಬರೆಯದೆ ಬಹಳ ಹೊತ್ತು ನಿಂತಿದ್ದರೆ, ಡಿಸ್ಕಿನ ಟಿಕ್ ಟಿಕ್ ಸದ್ದು ಇಲ್ಲವೆಂದು ಖಚಿತಪಡಿಸಿಕೊಂಡು, ಗುಂಡಿ ಹತ್ತು ಸೆಕೆಂಡು ಒತ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿ. ಎರಡು ಮೂರು ಸಲ ಹೀಗೆ ನಡುವೆ ನಿಂತರೆ ವಿಂಡೋಸ್ 10 ಮತ್ತು 11 ತಾನಾಗಿಯೇ ರಿಪೇರಿಯ ಪುಟಕ್ಕೆ ಹೋಗುತ್ತವೆ. ಅಲ್ಲಿ 'ಟ್ರಬಲ್‌ಶೂಟ್', ಅದರೊಳಗೆ 'ಅಡ್ವಾನ್ಸ್‌ಡ್ ಆಪ್ಷನ್ಸ್'. 'ಸ್ಟಾರ್ಟ್‌ಅಪ್ ರಿಪೇರ್' ಒತ್ತಬಹುದು, ನಿನ್ನೆ ಅಪ್‌ಡೇಟ್ ಆದ ನಂತರ ಹೀಗಾಗಿದ್ದರೆ 'ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್' ಒತ್ತಬಹುದು. ಇವೆರಡೂ ನಿಮ್ಮ ಲೆಕ್ಕವನ್ನು ಮುಟ್ಟುವುದಿಲ್ಲ. 'ಟ್ರಬಲ್‌ಶೂಟ್' ಪುಟದಲ್ಲಿ 'ರೀಸೆಟ್ ದಿಸ್ ಪಿಸಿ' ಎಂದೊಂದು ಇದೆ. ಅದರ ಹತ್ತಿರವೂ ಹೋಗಬೇಡಿ. 'ಕೀಪ್ ಮೈ ಫೈಲ್ಸ್' ಎಂದು ಒತ್ತಿದರೂ ಹೊರಗಿನಿಂದ ಹಾಕಿದ ಪ್ರೋಗ್ರಾಮುಗಳನ್ನು, ಅಂದರೆ ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರನ್ನು, ಅದು ತೆಗೆದುಹಾಕುತ್ತದೆ.

ಕೆಲವರಿಗೆ ಇಲ್ಲಿ 48 ಅಂಕಿಗಳ ಬಿಟ್‌ಲಾಕರ್ ಕೀ ಕೇಳುವ ನೀಲಿ ಪುಟ ಬರಬಹುದು. ಈಚಿನ ವಿಂಡೋಸ್ 11 ಯಂತ್ರಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋದರೆ ಡಿಸ್ಕಿಗೆ ತಾನಾಗಿಯೇ ಬೀಗ ಬೀಳುವುದುಂಟು. ಬೀಗದ ಕೀ ಆ ಖಾತೆಯಲ್ಲಿರುತ್ತದೆ. ಯಂತ್ರ ಕೊಟ್ಟ ಹುಡುಗ ತನ್ನದೇ ಇಮೇಲ್ ಹಾಕಿ ಶುರು ಮಾಡಿಕೊಟ್ಟಿದ್ದರೆ ಕೀ ಅವನ ಕೈಯಲ್ಲಿದೆ. ಅವನು ಊರು ಬಿಟ್ಟರೆ ನಿಮ್ಮ ಲೆಕ್ಕಕ್ಕೆ ನೀವೇ ಹೊರಗಿನವರು. ಇಂದೇ, ಯಂತ್ರ ಸರಿಯಿರುವಾಗಲೇ, ಖಾತೆ ಯಾರ ಹೆಸರಿನಲ್ಲಿದೆ ನೋಡಿ, ಕೀಯನ್ನು ಬರೆದು ಮನೆಯ ಕಪಾಟಿನಲ್ಲಿಡಿ.

ವಿಂಡೋಸ್ 10 ನಿಂತುಹೋಗಿದೆ, ಅದಕ್ಕೇ ಕಂಪ್ಯೂಟರ್ ಏಳುತ್ತಿಲ್ಲ, ಹೊಸ ಯಂತ್ರ ತೆಗೆದುಕೊಳ್ಳಿ ಎಂದು ಕೆಲವರಿಗೆ ಹೇಳಲಾಗುತ್ತಿದೆ. 2025ರ ಅಕ್ಟೋಬರ್ 14ಕ್ಕೆ ನಿಂತದ್ದು ವಿಂಡೋಸ್ 10ಕ್ಕೆ ಕಂಪೆನಿಯ ಮಾಮೂಲಿ ಬೆಂಬಲ ಮಾತ್ರ. ಸುರಕ್ಷತೆಯ ದೃಷ್ಟಿಯಿಂದ ಬದಲಾಯಿಸುವುದು ಒಳ್ಳೆಯದೇ. ಆದರೆ ಆ ಕಾರಣಕ್ಕೆ ಯಾವ ಕಂಪ್ಯೂಟರೂ ಏಳದೆ ಉಳಿಯುವುದಿಲ್ಲ.

'ಫಾರ್ಮ್ಯಾಟ್ ಮಾಡಿದರೆ ಸರಿಯಾಗುತ್ತದೆ'

ಈ ಮಾತು ಕೇಳದ ಹೋಟೆಲಿನವರು ಯಾರಿದ್ದಾರೆ? ಟೆಕ್ನಿಷಿಯನ್‌ಗೆ ಅದು ಅತಿ ಸುಲಭದ ದಾರಿ. ದೋಷ ಹುಡುಕುವ ಶ್ರಮವಿಲ್ಲ, ಒಂದು ಗಂಟೆಯಲ್ಲಿ ಯಂತ್ರ ಹೊಸದರಂತೆ ಓಡುತ್ತದೆ. ಬಿಲ್ಲಿಂಗ್ ಸಾಫ್ಟ್‌ವೇರ್ ಮತ್ತೆ ಹಾಕಿದಾಗ ಬಿಲ್ ನಂಬರ್ ಒಂದರಿಂದ ಶುರುವಾದಾಗಲೇ ನಮಗೆ ಎಚ್ಚರವಾಗುವುದು. ಒಂದೇ ಆರ್ಥಿಕ ವರ್ಷದಲ್ಲಿ ಅದೇ ಸಂಖ್ಯೆಯ ಎರಡು ಬಿಲ್ಲುಗಳು! ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 36ರ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಕಾಯ್ದಿಡಬೇಕು. ಕಂಪ್ಯೂಟರ್ ಹಾಳಾಯಿತು ಸಾಹೇಬರೇ ಎಂದರೆ ಇಲಾಖೆಯವರು ನಕ್ಕು ಬಿಡುವುದಿಲ್ಲ.

ಆದ್ದರಿಂದ ಡಿಸ್ಕಿನಲ್ಲಿರುವ ಡೇಟಾವನ್ನು ಬೇರೆ ಕಡೆ ನಕಲು ಮಾಡಿ, ಅದು ತೆರೆದುಕೊಳ್ಳುವುದನ್ನು ನಮ್ಮ ಕಣ್ಣಿಗೆ ತೋರಿಸಿದ ಬಳಿಕವೇ ಫಾರ್ಮ್ಯಾಟ್‌ಗೆ ಒಪ್ಪಬೇಕು. ವಿಂಡೋಸ್ ಏಳದಿದ್ದರೂ ಡಿಸ್ಕು ಚೆನ್ನಾಗಿದ್ದರೆ ಅದನ್ನು ತೆಗೆದು ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ ಡೇಟಾ ತೆಗೆಯಲು ಬರುತ್ತದೆ. ಇದು ತಿಳಿಯದ ಟೆಕ್ನಿಷಿಯನ್ ಇಲ್ಲ. ಅವಸರವಿದ್ದರೆ ಹಳೆಯ ಡಿಸ್ಕನ್ನು ತೆಗೆದಿಟ್ಟು ಹೊಸ ಎಸ್‌ಎಸ್‌ಡಿ ಹಾಕಿಸಿ ಅದರಲ್ಲಿ ವಿಂಡೋಸ್ ಹಾಕಿಸಿ. ಒಂದಿಷ್ಟು ಹಣ ಹೆಚ್ಚು ಹೋದರೂ ಹಳೆಯ ಡಿಸ್ಕು ಕೈಯಲ್ಲಿ ಉಳಿಯುತ್ತದೆ.

ಬ್ಯಾಕಪ್ ಬಗ್ಗೆ ಹೇಳಿ ಹೇಳಿ ನಮಗೂ ಸಾಕಾಗಿದೆ, ಆದರೂ ಹೇಳುತ್ತೇವೆ. ಎರಡು ಪೆನ್‌ಡ್ರೈವ್ ಇಡಿ, ಇಂದು ಒಂದು, ನಾಳೆ ಇನ್ನೊಂದು. ಒಂದು ಯಾವಾಗಲೂ ಮಾಲೀಕರ ಜೊತೆ ಮನೆಗೆ ಹೋಗಲಿ. ಸಾಫ್ಟ್‌ವೇರಿನ ಒಳಗಿರುವ ಬ್ಯಾಕಪ್ ಆಯ್ಕೆಯಿಂದಲೇ ತೆಗೆಯಬೇಕು. ಸಾಫ್ಟ್‌ವೇರ್ ತೆರೆದಿರುವಾಗ ಫೈಲನ್ನು ಎಳೆದು ನಕಲು ಮಾಡಿದರೆ ಅದು ಅರ್ಧಂಬರ್ಧ ಆಗಿರಬಹುದು. ಮೂರು ತಿಂಗಳಿಗೊಮ್ಮೆ ಆ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆಯಿಸಿ ನೋಡಿ. ಕ್ಲೌಡ್ ಬಿಲ್ಲಿಂಗ್ ಇರುವವರ ಲೆಕ್ಕ ಕಂಪೆನಿಯ ಬಳಿ ಇರುತ್ತದೆ, ಅವರು ಮೊಬೈಲಿನಿಂದಲೂ ಕೆಲಸ ಸಾಗಿಸಬಹುದು. ಆದರೂ ತಿಂಗಳಿಗೊಮ್ಮೆ ಬಿಲ್ಲುಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಇಳಿಸಿಕೊಂಡಿರಿ.

ಜಾಗ, ಜಿರಳೆ, ಜೋಡಣೆ

ಡಬ್ಬವನ್ನು ನೆಲದ ಮೇಲೆ ಇಡಬೇಡಿ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದುದನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಅಷ್ಟು ದೂರ ಬೇಡ, ದಿನವೂ ನೆಲ ತೊಳೆಯುವ ನೀರೇ ಸಾಕು. ಒಂದಡಿಯಾದರೂ ಎತ್ತರದಲ್ಲಿ, ಗೋಡೆಯಿಂದ ನಾಲ್ಕು ಬೆರಳು ದೂರದಲ್ಲಿರಲಿ. ಒದ್ದೆಯಾದ ಡಬ್ಬವನ್ನು ಪೂರ್ತಿ ಒಣಗಿಸಿ ಟೆಕ್ನಿಷಿಯನ್ ನೋಡುವವರೆಗೆ ಆನ್ ಮಾಡಕೂಡದು.

ಜಿರಳೆಗೆ ಎಸ್‌ಎಂಪಿಎಸ್‌ನ ಬಿಸಿ ಬಲು ಇಷ್ಟ. ಒಳಗೆ ಸೇರಿ ಸತ್ತು ಶಾರ್ಟ್ ಮಾಡುತ್ತದೆ. ಹಾಗೆಂದು ಡಬ್ಬದೊಳಕ್ಕೆ ಸ್ಪ್ರೇ ಹೊಡೆಯಬೇಡಿ, ಜೆಲ್ ಹಾಕುವ ಪೆಸ್ಟ್ ಕಂಟ್ರೋಲಿನವರಿಗೆ ಕೌಂಟರಿನ ಕೆಳಭಾಗವನ್ನೂ ತೋರಿಸಿ.

ಗ್ರೈಂಡರ್ ಶುರುವಾಗುವ ಕ್ಷಣದಲ್ಲಿ ಮೋಟಾರು ಮಾಮೂಲಿಗಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಆಗ ಕೌಂಟರಿನ ಬಲ್ಬು ಮಿಣುಕಿದರೆ ಕಂಪ್ಯೂಟರೂ ಅದೇ ಲೈನಿನಲ್ಲಿದೆ ಎಂದಾಯಿತು. ಮೀಟರ್ ಬೋರ್ಡಿನಿಂದ ಕೌಂಟರಿಗೆ ಪ್ರತ್ಯೇಕ ಲೈನು ಎಳೆಸಿ. ಡಬ್ಬದ ತಗಡು ಮುಟ್ಟಿದಾಗ ಜುಮ್ಮೆಂದರೆ ಅರ್ಥಿಂಗ್ ಇಲ್ಲ. ಅದು ಯಂತ್ರದ ಪ್ರಶ್ನೆ ಮಾತ್ರವಲ್ಲ, ಒದ್ದೆ ಕೈಯಲ್ಲಿ ಕೆಲಸ ಮಾಡುವ ಹುಡುಗರ ಜೀವದ ಪ್ರಶ್ನೆ. ಅಂದೇ ಎಲೆಕ್ಟ್ರಿಷಿಯನ್ ಕರೆಸಿ.

ಎಎಂಸಿ ಮಾಡಿಕೊಳ್ಳುವವರು ದರ ನೋಡಿ ಸಹಿ ಹಾಕುವ ಮೊದಲು ನಾಲ್ಕು ವಿಷಯ ಬರೆಸಿಕೊಳ್ಳಿ. ಬಿಡಿಭಾಗಗಳು ಅದರಲ್ಲಿ ಸೇರಿವೆಯೇ, ಅಥವಾ ಬಂದು ಹೋಗುವ ಕೂಲಿ ಮಾತ್ರವೇ? ಫೋನ್ ಮಾಡಿದ ಎಷ್ಟು ಗಂಟೆಯೊಳಗೆ ಬರುತ್ತಾರೆ, ಭಾನುವಾರ ಮತ್ತು ಹಬ್ಬದ ದಿನವೂ ಬರುತ್ತಾರೆಯೇ? ನಮ್ಮ ವ್ಯಾಪಾರವಿರುವುದೇ ಆ ದಿನಗಳಲ್ಲಿ. ಯಂತ್ರವನ್ನು ಒಯ್ದರೆ ಬದಲಿ ಯಂತ್ರ ಕೊಡುತ್ತಾರೆಯೇ? ಡಿಸ್ಕ್ ಬದಲಾಯಿಸಿದರೆ ಹಳೆಯದನ್ನು ನಮ್ಮ ಕೈಗೇ ಕೊಡಬೇಕು, ಅದರಲ್ಲಿ ನಮ್ಮ ಗಿರಾಕಿಗಳ ಫೋನ್ ನಂಬರುಗಳಿವೆ. ಬಿಲ್ಲಿಂಗ್ ಸಾಫ್ಟ್‌ವೇರಿನವರ ಸಹಾಯವಾಣಿ, ಲೈಸೆನ್ಸ್ ನಂಬರ್, ಡೇಟಾ ಯಾವ ಫೋಲ್ಡರಿನಲ್ಲಿದೆ ಎಂಬುದನ್ನು ಒಂದು ಕಾಗದದಲ್ಲಿ ಬರೆದು ಕೈಬಿಲ್ಲಿನ ಪುಸ್ತಕದೊಳಗೇ ಅಂಟಿಸಿ. ಕಂಪ್ಯೂಟರಿನೊಳಗೆ ಬರೆದಿಟ್ಟರೆ ಬೇಕಾದಾಗ ಓದಲು ಸಿಗುವುದಿಲ್ಲ.